ಲೀಲಾಕ್ಷಿ ಬೆಂಚಿನಲ್ಲಿ ಕೂರಿಸಿದ ಹುಡುಗಿ

ದೋಹಾದ ಅಬು ಹಮೂರಿನ ಮಸೀದಿಯಲ್ಲಿ ಬೆಳಗಿನ ಆಜಾನ್ ಮುಗಿದು ಸ್ವಲ್ಪ ಹೊತ್ತಾಗಿದೆ. ಮೈದಾನದ ಹಸಿರು ಹಾಸಿನ ಮೇಲೆ ಇಬ್ಬನಿ ಕೂತು ಕಾಲು ಜಾರುತ್ತಿದೆ. ಲೀಲಾಕ್ಷಿ ಹಳೇ ಟವೆಲ್ ಹಿಡಿದು ಚೆಂಡುಗಳನ್ನು ಒರೆಸುತ್ತಿದ್ದಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಕಣ್ಣು ಮಾತ್ರ ಗೇಟಿನ ಕಡೆಗೇ ಇದೆ. ಕಾಲೇಜಿನ ಬಸ್ಸು ಇನ್ನೂ ಬಂದಿಲ್ಲ. ಬಂದರೂ ಅದರಲ್ಲಿ ಯಾರಿರುತ್ತಾರೆ, ಯಾರಿರುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ.

"ಸಂಜೆಯಾದ್ರೆ ಎಲ್ಲ ಬರ್ತಿದ್ರು. ಈ ಹೊತ್ತಿಗೆ ಹೆಣ್ಣುಮಕ್ಕಳನ್ನು ಯಾರು ಕಳಿಸ್ತಾರೆ ಹೇಳಿ? ಅದೂ ಸೋತ ಟೀಮಿಗೆ," ಎನ್ನುತ್ತಾರೆ.

ಲೀಲಾಕ್ಷಿ ಉಡುಪಿ ಹತ್ತಿರದ ಕಟಪಾಡಿಯವರು. ಊರಿನ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರು, ಮದುವೆಯಾಗಿ ಗಂಡ ವಿಕಾಸ್ ಜೊತೆ ದೋಹಾಕ್ಕೆ ಬಂದರು. ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ಎರಡು ಕೋಣೆಯ ಫ್ಲ್ಯಾಟು. ಇಲ್ಲಿನ ಕಾಲೇಜಿನವರು ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದು ಕ್ರೀಡಾ ಸಾಮಾನು ನೋಡಿಕೊಳ್ಳಲಿಕ್ಕೆ. ಹುಡುಗಿಯರ ತಂಡಕ್ಕೆ ಕೋಚ್ ಸಿಗದೆ ಇದ್ದಾಗ "ಸದ್ಯಕ್ಕೆ ನೀವೇ ನೋಡಿ" ಎಂದರು. ಆ ಸದ್ಯಕ್ಕೆ ಈಗ ಆರು ವರ್ಷ. ಕುತ್ತಿಗೆಯ ಕಾರ್ಡಿನಲ್ಲಿ ಇವತ್ತಿಗೂ ಇರುವುದು ಅಸಿಸ್ಟೆಂಟ್ ಎಂದೇ.

ಈ ಸಲದ ಸೀಸನ್ ಶುರುವಿನಿಂದಲೇ ಕೆಟ್ಟಿತು. ಮುಂದಿನ ಸಾಲಿನಲ್ಲಿ ಆಡುವವರು ಒಬ್ಬೊಬ್ಬರಾಗಿ ಬಿದ್ದರು. ತೆರೆಜಾಳ ಮೊಣಕಾಲಿನ ಲಿಗಮೆಂಟ್ ಹರಿಯಿತು. ಗ್ರೀಷ್ಮಾಳ ಪಾದಕ್ಕೆ ಪ್ಲಾಸ್ಟರ್ ಬಿತ್ತು. ಹಿಂದಿನ ಸಾಲಿನವರು ಎಷ್ಟು ಜೀವ ತೇದು ತಡೆದರೂ ಮುಂದೆ ಚೆಂಡು ಕೊಡೋಣವೆಂದರೆ ಜನವೇ ಇಲ್ಲ. ತಂಡ ಗೋಲು ಹೊಡೆಯುವುದನ್ನೇ ಮರೆತುಬಿಟ್ಟಿತು. ಉಳಿದವಳು ರಶ್ಮಿತಾ ಒಬ್ಬಳೇ. ಮೈಸೂರಿನವರ ಮಗಳು, ಗಾಳಿಯ ಹಾಗೆ ಓಡುವವಳು.

ಕಳೆದ ವಾರದ ಮ್ಯಾಚಿಗೆ ಮುಂಚೆ ಕ್ರೀಡಾ ವಿಭಾಗದ ಮುಖ್ಯಸ್ಥ ದೊರೆಸ್ವಾಮಿ ಕರೆಸಿದರು. ಒಳ್ಳೆಯ ಮನುಷ್ಯ, ಸುತ್ತಿಬಳಸಿ ಮಾತಾಡುವವರಲ್ಲ. "ಲೀಲಾಕ್ಷಿಯವರೇ, ಹುಡುಗರು ಸಂಜೆ ಗ್ರೌಂಡು ಬೇಕು ಅಂತ ಕೂತಿದ್ದಾರೆ. ಇದೊಂದು ಗೆದ್ದುಬಿಡಿ, ನಾನು ನಿಮ್ಮ ಪರ ಮಾತಾಡ್ತೀನಿ. ಸೋತ್ರೆ ನನ್ನ ಕೈಲೂ ಏನೂ ಇಲ್ಲ."

ಮ್ಯಾಚಿನ ದಿನ ಮೈ ಬಿಸಿ ಮಾಡುವಾಗ ರಶ್ಮಿತಾ ತಿರುಗುವಲ್ಲಿ ಬಲಗಾಲನ್ನು ಊರದೆ ಎಡಗಾಲಿನಲ್ಲೇ ತಿರುಗುತ್ತಿದ್ದಳು. ಲೀಲಾಕ್ಷಿ ಅದನ್ನು ಕಂಡರು. ಹತ್ತಿರ ಕರೆದು ಮೊಣಕಾಲಿನ ಕೆಳಗಿನ ಎಲುಬನ್ನು ಬೆರಳಿನಿಂದ ಒತ್ತಿದರು. ಹುಡುಗಿ ತುಟಿ ಕಚ್ಚಿದಳು.

"ನೋವುಂಟಾ?"

"ಇಲ್ಲ ಮ್ಯಾಮ್. ಐ ಆ್ಯಮ್ ಫೈನ್."

"ಸುಳ್ಳು ಹೇಳ್ಬೇಡ. ಇವತ್ತು ನೀನು ಕೂತ್ಕೋ."

"ನನ್ನ ಕಾಲು ಮ್ಯಾಮ್, ನಂಗೆ ಗೊತ್ತಿಲ್ವಾ?"

"ಕಾಲು ನಿನ್ನದೇ ಮಾರಾಯ್ತಿ. ಆದ್ರೆ ಆಡಿಸುವವಳು ನಾನು."

ಹಿಂದೆ ಆಡುತ್ತಿದ್ದ ಶರ್ಮಿಳಾಳನ್ನು ಮುಂದಕ್ಕೆ ಕಳಿಸಿದರು. ಪಾಪ, ಅವಳು ಓಡಿದ್ದೇ ಓಡಿದ್ದು. ಒಮ್ಮೆ ಅವಳು ಹೊಡೆದ ಚೆಂಡು ಕಂಬಕ್ಕೆ ಬಡಿದು ವಾಪಸಾಯಿತು. ಕೊನೆಯ ಹೊತ್ತಿನಲ್ಲಿ ಎದುರಿನವರು ಒಂದು ಗೋಲು ಹೊಡೆದರು, ಖಲಾಸ್. ನೋಡಲು ಬಂದವರೆಲ್ಲ ಬೆಂಚಿನ ಕಡೆ ತಿರುಗಿದರು. ಅಲ್ಲಿ ರಶ್ಮಿತಾ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಎರಡು ದಿನ ಬಿಟ್ಟು ಸ್ಕ್ಯಾನ್ ಆಯಿತು. ಲೀಲಾಕ್ಷಿ ಹೆದರಿದಂತೆ ಎಲುಬು ಬಿರುಕು ಬಿಟ್ಟಿರಲಿಲ್ಲ. ಬರೀ ಸ್ನಾಯುವಿನ ನೋವು, ಆಡಿದ್ದರೂ ಏನೂ ಆಗುತ್ತಿರಲಿಲ್ಲ ಎಂದರು ಡಾಕ್ಟರು. ಹುಡುಗಿಯ ತಾಯಿ ಕಾಂತಾಮಣಿ ಫೋನು ಮಾಡಿದರು. "ನಿಮ್ಮ ಹೆದರಿಕೆಗೆ ನಮ್ಮ ಹುಡುಗಿ ಯಾಕ್ರೀ ಮನೇಲಿ ಕೂತು ಅಳಬೇಕು?" ಸಂಜೆಯ ಮೈದಾನ ಹುಡುಗರ ಪಾಲಾಯಿತು, ಹುಡುಗಿಯರಿಗೆ ಬೆಳಗಿನ ಜಾವ ಉಳಿಯಿತು. ಆ ದಿನ ಲೀಲಾಕ್ಷಿಯ ಮನೆಯಲ್ಲಿ ಮಾಡಿದ ಅನ್ನ ಪಾತ್ರೆಯಲ್ಲೇ ಉಳಿಯಿತು.

"ತಪ್ಪಾಯ್ತಾ ಅಂತ ಮನೇಲಿ ಇವರು ಕೇಳಿದ್ರು. ಎಂತ ಹೇಳುದು? ಸ್ಕ್ಯಾನ್ ನೋಡಿದ್ರೆ ತಪ್ಪೇ. ಆದ್ರೆ ಮಗುವಿನ ಕಾಲು ನನ್ನ ಕೈಯಲ್ಲಿದ್ದಾಗ ಸ್ಕ್ಯಾನ್ ಇರ್ಲಿಲ್ಲ ಅಲ್ವಾ?" ಎನ್ನುತ್ತಾರೆ ಲೀಲಾಕ್ಷಿ.

ಗೇಟಿನಲ್ಲಿ ಬೆಳಕು ಬೀಳುತ್ತದೆ. ಬಸ್ಸು ನಿಲ್ಲಿಸಿದ ಡ್ರೈವರ್ ಮೊಯ್ದಿನ್ ಕಿಟಕಿಯಿಂದ ತಲೆ ಹಾಕಿ, "ಅಕ್ಕಾ, ಬಸ್ಸು ಖಾಲಿ ಇಲ್ಲ ಮಾರಾಯ್ರೆ!" ಎಂದು ಕೂಗುತ್ತಾನೆ. ಆಕಳಿಸುತ್ತಾ, ಜಡೆ ಕಟ್ಟಿಕೊಳ್ಳುತ್ತಾ ಹುಡುಗಿಯರು ಇಳಿಯುತ್ತಾರೆ. ಊರುಗೋಲು ಹಿಡಿದು ತೆರೆಜಾ ಕೂಡ ಬಂದಿದ್ದಾಳೆ, ಕೂತು ನೋಡಲಿಕ್ಕೆ. ರಶ್ಮಿತಾ ಕೊನೆಗೆ ಇಳಿದು, ಕೋಚ್ ಮುಖ ನೋಡದೆ ಸಾಲಿನಲ್ಲಿ ನಿಲ್ಲುತ್ತಾಳೆ. ಲೀಲಾಕ್ಷಿಯೂ ಮಾತಾಡಿಸುವುದಿಲ್ಲ. "ಯಲ್ಲಾ, ಹೊರಡಿ, ಓಡಿ," ಎಂದು ಎಲ್ಲರಿಗೂ ಹೇಳಿ ಚೆಂಡುಗಳನ್ನು ಮೈದಾನಕ್ಕೆ ಉರುಳಿಸುತ್ತಾರೆ.

ಅದಾಗಿ ಕೆಲವು ದಿನಕ್ಕೆ ಸೀಸನ್ನಿನ ಕೊನೆಯ ಮ್ಯಾಚು, ಕತಾರಿನ ಉತ್ತರ ತುದಿಯ ಅಲ್ ಶಮಾಲ್‌ನಲ್ಲಿತ್ತು. ಈ ಸಲ ರಶ್ಮಿತಾ ಆಡಿದಳು. ಅವಳು ಓಡಿದಾಗಲೆಲ್ಲ ಲೀಲಾಕ್ಷಿ ಚೆಂಡನ್ನು ನೋಡಲಿಲ್ಲ, ಅವಳ ಕಾಲನ್ನೇ ನೋಡಿದರು. ಎರಡೂ ಕಡೆ ಗೋಲಿಲ್ಲ. ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿದ್ದಾಗ ರಶ್ಮಿತಾ ಓಟ ನಿಲ್ಲಿಸಿ, ತಾನಾಗಿಯೇ ಕೈ ಎತ್ತಿದಳು. ಕುಂಟುತ್ತಾ ಗೆರೆಯ ಬಳಿ ಬಂದು, "ಮ್ಯಾಮ್, ನೋಯ್ತಾ ಇದೆ. ತೊಡೆ ಹಿಡ್ಕೊಂಡಿದೆ," ಎಂದಳು. ಅವಳು ಬೆಂಚಿನಲ್ಲಿ ಕೂತ ಆ ಮ್ಯಾಚಿನ ಬಳಿಕ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು.

ಗೋಲು ಆಮೇಲೂ ಬರಲಿಲ್ಲ. ತಂಡ ಪಟ್ಟಿಯ ತಳದಲ್ಲೇ ಸೀಸನ್ ಮುಗಿಸಿತು. ಸಂಜೆಯ ಮೈದಾನ ವಾಪಸು ಸಿಕ್ಕುವ ಲಕ್ಷಣವೂ ಇಲ್ಲ. ಮುಂದಿನ ವರ್ಷ ಇದೇ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆ ಲೀಲಾಕ್ಷಿಯನ್ನು ಬಿಟ್ಟಿಲ್ಲ. ಏನು ಆಸೆ ಎಂದು ಕೇಳಿದರೆ ಹೇಳುತ್ತಾರೆ:

"ಗೋಲು ಬೇಡ ಅನ್ನುವಷ್ಟು ದೊಡ್ಡವಳಲ್ಲ ನಾನು. ಬೇಕು, ತುಂಬಾ ಬೇಕು. ಆದ್ರೆ ನೋಯ್ತದೆ ಅಂತ ಹೇಳ್ಲಿಕ್ಕೆ ಒಂದು ಹುಡುಗಿ ಕಲಿತಳಲ್ಲ, ಅವಳಿಗೆ ಕಲಿಸಿದ್ದು ನಾನೇ."