ಎಂಟು ಗಂಟೆಗೊಂದು ನಡೆ

ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಚದುರಂಗದ ಪುಸ್ತಕವೊಂದರಲ್ಲಿ ವಿಚಿತ್ರ ನಿಯಮವಿತ್ತು: ‘ಒಂದು ನಡೆ ನಡೆಸಿದ ಮೇಲೆ ಎಂಟು ಗಂಟೆ ಮಣೆಯ ಕಡೆ ನೋಡಬೇಡಿ.’ ಬರೆದವರು ಮುನಿಶಾಮಪ್ಪ, ಊರು ಚಾಂಪಿಯನ್ ರೀಫ್ಸ್. ಅಷ್ಟೇ ವಿವರ. ಯಾರೋ ಕೆಲಸವಿಲ್ಲದ ಸಾಹುಕಾರ ಇರಬೇಕು ಅಂದುಕೊಂಡೇ ಹುಡುಕಿಕೊಂಡು ಹೋದೆ.

ಆ ಊರಿನ ಪಕ್ಕದ ರಾಬರ್ಟ್‌ಸನ್‌ಪೇಟೆಯಲ್ಲಿ ಹತ್ತು ಕಡೆ ವಿಚಾರಿಸಿದ ಮೇಲೆ ಆಟೋದವರೊಬ್ಬರು ನನ್ನನ್ನು ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯೊಂದರ ಮುಂದೆ ಇಳಿಸಿದರು. ಅಲ್ಲಿದ್ದ ವೆಂಕಟಪ್ಪ, ಮುನಿಶಾಮಪ್ಪನವರ ಜತೆ ಗಣಿಯಲ್ಲಿ ದುಡಿದವರು. ನಿಯಮವನ್ನು ಓದಿ ಹೇಳಿ ನಾನು ನಕ್ಕೆ. ಅವರು ನಗಲಿಲ್ಲ.

“ಅದು ಶಿಫ್ಟು ಸಾರ್. ಅವ್ರದೊಂದು ಶಿಫ್ಟು, ನಂದೊಂದು. ಇಳಿಯೋಕ್ ಮುಂಚೆ ದೀಪ ಇಸ್ಕೊಳ್ಳೋ ಲ್ಯಾಂಪ್ ರೂಮಲ್ಲಿ ಮಣೆ ಮಡಗಿದ್ವಿ. ನಾನು ಒಂದು ನಡೆ ನಡ್ಸಿ ಕೆಳಕ್ಕೆ ಇಳೀತಿದ್ದೆ. ಮೇಲಕ್ಕೆ ಬರೋ ಒತ್ಗೆ ಅವ್ರು ತಮ್ದು ನಡ್ಸಿ ಇಳ್ದಿರೋರು. ಎಂಟು ಗಂಟೆ ಕತ್ತಲಲ್ಲಿ ಬಂಡೆ ಒಡೀತಾ ಅದೇ ಯೋಚ್ನೆ.”

ಮಣೆಯನ್ನೇ ನೋಡದೆ, ಭೂಮಿಯೊಳಗೆ ನಿಂತು ಯೋಚಿಸಿ ಬರೆದ ಪುಸ್ತಕ ಅದು. ಸಾಹುಕಾರ ಅಂದುಕೊಂಡಿದ್ದಕ್ಕೆ ನಾಚಿಕೆಯಾಯಿತು.

“ಗಣಿ ಮುಚ್ದಾಗ ಒಂದಾಟ ಅರ್ಧಕ್ಕೇ ನಿಂತೋಯ್ತು. ಮಣೆ ಹಂಗೇ ಮನೆಗೆ ತಂದಿಟ್ಕೊಂಡೆ. ಆಮೇಲೆ ಅವ್ರೂ ಓಗ್ಬಿಟ್ರು” ಎನ್ನುತ್ತ ಗೋಡೆಯ ಕಪಾಟು ತೆರೆದು ತೋರಿಸಿದರು. ಮಣೆಯ ಮೇಲೆ ಕಾಯಿಗಳು ಹಾಗೇ ನಿಂತಿದ್ದವು.

“ಈಗ ನಡೆ ಯಾರದು?” ಅಂದೆ.

“ನಂದೇ. ಯೋಚ್ನೆ ಮಾಡ್ತಿದೀನಿ.”

ಬಂಗಾರಪೇಟೆಯಲ್ಲಿ ರೈಲು ಹತ್ತಿ ಫೋನಿನಲ್ಲಿ ಚದುರಂಗ ತೆರೆದೆ. ಅವರಿಬ್ಬರ ಮೇಲಿನ ಗೌರವಕ್ಕಾದರೂ ಇರಲಿ ಅಂತ ಮೊದಲ ನಡೆಗೇ ನಿಧಾನವಾಗಿ ಯೋಚಿಸಿದೆ. ಮಾಲೂರು ಬರುವುದರೊಳಗೆ ಫೋನು ‘ಟೈಮ್ ಮುಗಿಯಿತು, ನೀವು ಸೋತಿರಿ’ ಅಂದಿತು.