ಈ ಕಡೆ ನೋಡಬೇಡಿ

ನನ್ನ ಅರ್ಧ ಆಯುಷ್ಯ ‘ಈ ಕಡೆ ನೋಡಬೇಡಿ’ ಎಂದು ಜನರಿಗೆ ಹೇಳುವುದರಲ್ಲೇ ಕಳೆದಿದೆ. ಚಳ್ಳಕೆರೆಯಲ್ಲಿ ಕನ್ನಡದಲ್ಲಿ ಹೇಳುತ್ತೇನೆ, ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ‘ಇಟು ಚೂಡಕಂಡಿ’ ಎಂದು ತೆಲುಗಿನಲ್ಲಿ ಹೇಳುತ್ತೇನೆ. ಎರಡೂ ಕಡೆಯವರು ನೆಟ್ಟಗೆ ಲೆನ್ಸಿನೊಳಕ್ಕೇ ನೋಡುತ್ತಾರೆ. ಫೋಟೋ ತೆಗೆಯಲು ಬಂದವನಿಗೆ ಮುಖ ತೋರಿಸದಿದ್ದರೆ ಅದೆಂಥ ಮರ್ಯಾದೆ ಎಂಬುದು ಅವರ ಲೆಕ್ಕ. ನಮ್ಮ ಪತ್ರಿಕೆಯ ಡೆಸ್ಕಿನವರ ಲೆಕ್ಕ ಬೇರೆ. ಕ್ಯಾಮೆರಾ ನೋಡುತ್ತಿರುವ ಮುಖ ಅವರಿಗೆ ಮದುವೆ ಆಲ್ಬಮ್ಮಿನ ಸರಕು. ಬಾಯಿ ತೆರೆದಿರಬೇಕು, ಕೈ ಎತ್ತಿರಬೇಕು, ಕಣ್ಣು ಇನ್ನೆಲ್ಲೋ ಇರಬೇಕು. ಹಾಗಿಲ್ಲದ್ದನ್ನೆಲ್ಲ ಅವತ್ತವತ್ತೇ ಅಳಿಸಿಬಿಡುವುದು ರೂಢಿ. ಕ್ಯಾಮೆರಾದ ಕಾರ್ಡ್ ತುಂಬಿಕೊಂಡಿದ್ದರೆ ಮಾರನೆಯ ದಿನದ ಕೆಲಸ ಕೆಡುತ್ತದೆ.

ಈಗೀಗ ಈ ಕೆಲಸ ಸಾಕಪ್ಪಾ ಸಾಕು ಅನ್ನಿಸಿದೆ. ಮಂಡಿಯೂರಿ ಕೂತರೆ ಏಳುವುದಕ್ಕೆ ಯಾರದಾದರೂ ಭುಜ ಬೇಕು. ಎಲ್ಲೋ ಲಾರಿ ಮಗುಚಿದೆ ಎಂದು ಸ್ಕೂಟರ್ ಒದ್ದು ಓಡುತ್ತೇನೆ. ಅಷ್ಟರಲ್ಲಿ ಅಲ್ಲಿದ್ದ ಯಾರದೋ ಮೊಬೈಲಿನಿಂದ ಫೋಟೋ ಹೋಗಿ, ‘ಬಂತು ಬಿಡಿ’ ಎಂದು ಡೆಸ್ಕಿನಿಂದ ಮೆಸೇಜ್ ಬಂದಿರುತ್ತದೆ. ಮೊದಲೆಲ್ಲ ಉರಿದುಬೀಳುತ್ತಿದ್ದೆ. ಈಗ ಸಿಟ್ಟು ಮಾಡಿಕೊಳ್ಳಲೂ ಶಕ್ತಿಯಿಲ್ಲ, ದಾರಿಯಲ್ಲಿ ಒಂದು ಟೀ ಕುಡಿದು ವಾಪಸ್ ಬರುತ್ತೇನೆ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ದೊಡ್ಡಉಳ್ಳಾರ್ತಿ ಕಡೆಯ ಹೆಂಗಸೊಬ್ಬರು ಮನೆ ಹುಡುಕಿಕೊಂಡು ಬಂದರು. ನನಗಿಂತ ಸ್ವಲ್ಪ ಹಿರಿಯರು, ಹಣೆಯ ತುಂಬ ವಿಭೂತಿ, ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅವರ ಯಜಮಾನರು ತೀರಿಕೊಂಡು ಇನ್ನೂ ವಾರ ಕಳೆದಿರಲಿಲ್ಲ. ಶಿವಗಣಾರಾಧನೆಗೆ ಇಡಲು, ಆಮೇಲೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು. ಮದುವೆ ಮನೆಯಲ್ಲಿ ಫೋಟೋ ಎಂದರೆ ಆಸಾಮಿ ಊಟದ ಪಂಕ್ತಿ ಕಡೆ ನಡೆದುಬಿಡುತ್ತಿದ್ದರಂತೆ. ಮಕ್ಕಳ ಮೊಬೈಲಿನಲ್ಲಿ ಇದ್ದುದೆಲ್ಲ ಬೆನ್ನು, ಇಲ್ಲವೇ ಅಡ್ಡ ಹಿಡಿದ ಟವೆಲು. ಕೊನೆಗೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದರು. ಅದನ್ನು ಕವರಿನಿಂದ ತೆಗೆದು ತೋರಿಸಿದರು.

“ನೋಡ್ರಿ, ಪೊಲೀಸ್ರು ಹಿಡ್ಕೊಂಡು ಬಂದೋರ ಹಂಗೆ ಕಾಣ್ತಾರೆ. ಇದಕ್ಕೆ ಹಾರ ಹಾಕಾಕೆ ನಂಗೆ ಮನ್ಸೇ ಬರವಲ್ದು. ನೀವು ಅವತ್ತು ಧರಣಿಯಾಗೆ ಇವರ ಫೋಟೋ ತೆಗ್ದಿದ್ರಿ, ಪೇಪರ್‌ನಾಗೂ ಬಂದಿತ್ತು. ಒಂದು ನೆಟ್ಟಗಿರೋದು ಇದ್ರೆ ಕೊಡ್ರಿ.”

ಆ ಧರಣಿ ನನಗೆ ನೆನಪಿತ್ತು. ದನ ಕುರಿ ಮೇಯಲು ಕಾವಲು ಬಯಲಿಗೆ ಹೋಗುವ ದಾರಿ ಉಳಿಸಿಕೊಡಿ ಎಂದು ಆ ಕಡೆಯ ಊರಿನವರೆಲ್ಲ ತಾಲ್ಲೂಕು ಕಚೇರಿ ಮುಂದೆ ಕೂತಿದ್ದರು. ಇವರ ಯಜಮಾನರು ಮುಂದಿನ ಸಾಲಿನಲ್ಲಿದ್ದರು. ಕಂಪ್ಯೂಟರ್ ಹಚ್ಚಿ ಹುಡುಕಿದೆ. ಸಿಕ್ಕಿದವು, ಬೇಕಾದಷ್ಟು. ಎಲ್ಲದರಲ್ಲೂ ಬಾಯಿ ಪೂರ್ತಿ ತೆರೆದಿದೆ, ಮುಷ್ಟಿ ಮೇಲಕ್ಕೆದ್ದಿದೆ, ಕತ್ತಿನ ನರ ಉಬ್ಬಿದೆ. ನನ್ನ ಕಣ್ಣಿಗೆ ಈಗಲೂ ಒಳ್ಳೆಯ ಫೋಟೋಗಳೇ. ಆಕೆ ಸ್ಕ್ರೀನಿನ ಹತ್ತಿರ ಬಗ್ಗಿ, ಬಹಳ ಹೊತ್ತು ನೋಡಿದರು.

“ಇವ್ರು ಮನ್ಯಾಗೆ ಒಂದಿನಾನೂ ಹಿಂಗೆ ಕೂಗಿದೋರಲ್ಲ,” ಎಂದರು. “ಸುಮ್ಕೆ ಕುಂತಿರೋದು ಇಲ್ವೇನ್ರೀ? ನಮ್ ಕಡೆ ನೋಡ್ತಿರೋದು?”

ಇತ್ತು. ನನಗೆ ಸಂಕಟವಾದದ್ದು ಅದಕ್ಕೇ. ಘೋಷಣೆ ನಿಂತಾಗಲೆಲ್ಲ ಆ ಮನುಷ್ಯ ಹೆಗಲ ಟವೆಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಕ್ಯಾಮೆರಾವನ್ನೇ ನೋಡುತ್ತ ಕೂರುತ್ತಿದ್ದರು. ನಾನು ಕೈಬೀಸಿ, “ಯಜಮಾನ್ರೇ, ಈ ಕಡೆ ನೋಡ್ಬ್ಯಾಡ್ರಿ” ಅನ್ನುತ್ತಿದ್ದೆ. ಪಾಪ, ಮುಖ ಆಚೆ ತಿರುಗಿಸುವರು, ಸ್ವಲ್ಪ ಹೊತ್ತಿಗೆ ಮತ್ತೆ ಇತ್ತಲೇ. ಹಾಗೆ ನೋಡಿದವೂ ಕೆಲವು ಕ್ಯಾಮೆರಾದಲ್ಲಿ ಬಿದ್ದಿದ್ದವು. ಅವನ್ನೆಲ್ಲ ಅವತ್ತು ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು, ದೋಸೆ ಬರುವಷ್ಟರಲ್ಲಿ ಅಳಿಸಿದ್ದೆ.

ಆಕೆಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. “ಪೇಪರಿಗೆ ಅಂಥವು ನಡೆಯಲ್ಲ ಅಕ್ಕಾ, ಅಳಿಸಿಬಿಡ್ತೀವಿ.”

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಆಕೆ ಬೇರೆಯದನ್ನೇ ಕೇಳಿದರು.

“ನಿಮ್ ಕಡೆ ನೋಡಿದ್ರಾ ಅವ್ರು?”

“ನೋಡಿದ್ರು. ಟವಲ್ಲು ಸರಿ ಮಾಡ್ಕೊಂಡು, ನೆಟ್ಟಗೆ ಕುಂತು ನೋಡಿದ್ರು.”

“ಹಂಗಾರೆ ಒಂದು ತೆಗಿಸ್ಕಬೇಕು ಅಂತ ಮನ್ಸಿತ್ತು ಅವ್ರಿಗೆ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಡೆಸ್ಕಿನವರು ಹೇಳುವುದೂ ತಪ್ಪಲ್ಲ, ಸುದ್ದಿಗೆ ಆ ಕೂಗೇ ಬೇಕು. ನಾಳೆ ಇನ್ನೊಂದು ಧರಣಿಗೆ ಹೋದರೂ ಅಂಥದ್ದನ್ನೇ ಕಾಯುತ್ತೇನೆ, ಬೇರೆಯದನ್ನು ಕಾಯಲು ನನಗೆ ಬರುವುದೂ ಇಲ್ಲ. ಆದರೆ ಎಷ್ಟು ಜನ ಹೀಗೆ ತಮ್ಮ ಪಾಡಿಗೆ ತಾವು ಮುಖ ಕೊಟ್ಟು ಕೂತಿದ್ದರೋ, ನಾನು ಎಷ್ಟು ಜನರನ್ನು ಕೈಬೀಸಿ ಆಚೆ ತಿರುಗಿಸಿದೆನೋ ಎಂದು ಯೋಚಿಸಿ ಬಹಳ ದಣಿವಾಯಿತು. ಮೈಯ ದಣಿವಾದರೆ ಮಲಗಿದರೆ ಹೋಗುತ್ತದೆ.

ಕೂಗುತ್ತಿರುವ ಫೋಟೋ ಒಂದನ್ನಾದರೂ ಒಯ್ಯಿರಿ ಎಂದೆ. ಬೇಡವೆಂದು ತಲೆಯಾಡಿಸಿ, ಆಧಾರಿನದನ್ನೇ ಮತ್ತೆ ಕವರಿನೊಳಗೆ ಇಟ್ಟುಕೊಂಡು ಎದ್ದರು. ಬಾಗಿಲವರೆಗೆ ಹೋದವರು ನಿಂತು, “ನಂದೊಂದು ತೆಗೀರಿ,” ಎಂದರು.

ಜಗಲಿಯ ಮೇಲೆ ನೆರಳಿತ್ತು, ಬೆಳಕೂ ಮೆತ್ತಗಿತ್ತು. ಕುರ್ಚಿ ಹಾಕಿ ಕೂರಿಸಿದೆ. ಸೆರಗು ತಲೆ ಮೇಲೆಳೆದುಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ಆಕೆ ಕಣ್ಣು ಮಿಟುಕಿಸದೆ ನನ್ನ ಕಡೆ ನೋಡಿದರು. ಒಂದೇ ಒಂದು ತೆಗೆದೆ. ಎರಡನೆಯದು ಬೇಕಾಗಲಿಲ್ಲ.

ಇಲ್ಲೇ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿಕೊಡುತ್ತೇನೆ, ಸ್ವಲ್ಪ ಕೂತಿರಿ ಎಂದೆ. ಆಕೆ ಆಗಲೇ ಚಪ್ಪಲಿ ಮೆಟ್ಟಿದ್ದರು.

“ಈಗ ಬ್ಯಾಡ್ರಿ. ಬೇಕಾದಾಗ ನಮ್ ಹುಡುಗ್ರು ಬರ್ತಾರೆ. ಅಲ್ಲಿಗಂಟ ಅಳಿಸ್ಬ್ಯಾಡ್ರಿ.”