ಸೌಮ್ಯಾಳ ಎಡಗಿವಿ

ಹೋದ ರವಿವಾರ ನನ್ನ ತಂಗಿಯ ಮಗಳ ಬೆನ್ನಿಗೆ ಒಂದು ಏಟು ಕೊಟ್ಟೆ.

ಸಂಪಗಾಂವದ ತಂಗಿಯ ಮನೆಗೆ ಹೋಗಿದ್ದೆ. ಸೌಮ್ಯಾ ಪಡಸಾಲೆಯಲ್ಲಿ ನನಗೆ ಬೆನ್ನು ಮಾಡಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಹದಿನಾಲ್ಕು ವರ್ಷದ ಹುಡುಗಿ. ನೀರು ತಾರವ್ವಾ ಅಂದೆ. ಅಲುಗಾಡಲಿಲ್ಲ. ಮೂರು ಸಲ ಕರೆದೆ. ಈಗಿನ ಮಕ್ಕಳಿಗೆ ಎಷ್ಟು ಸೊಕ್ಕು! (ನನ್ನ ವಯಸ್ಸಿನವರ ಬಾಯಿಗೆ ಈ ಮಾತು ಬರಲು ಕಾರಣವೇ ಬೇಕಿಲ್ಲ.) ಹೋಗಿ ಹೊಡೆದೇಬಿಟ್ಟೆ.

ಬೆಚ್ಚಿ ತಿರುಗಿದಳು. "ಮಾಮಾ, ಯಾವಾಗ ಬಂದಿ?" ಅಂದಳು.

ಆಗ ಕಂಡಿತು, ಎಡಗಿವಿಯಲ್ಲಿ ತುರುಕಿದ್ದ ಹತ್ತಿ. ಹಳದಿಗಟ್ಟಿತ್ತು. ಬಗ್ಗಿದರೆ ಕೆಟ್ಟ ವಾಸನೆ.

"ಎಷ್ಟು ದಿನಾತು ಇದು?" ಒಳಗಿನಿಂದ ಬಂದ ತಂಗಿ ಮಹಾದೇವಿಯನ್ನು ಕೇಳಿದೆ.

"ಸಣ್ಣಾಕಿ ಇದ್ದಾಗಿಂದ ಸೋರತೈತಿ. ನಿನಗ ನೆನಪಿಲ್ಲೇನಣ್ಣಾ? ಬಳ್ಳೊಳ್ಳಿ ಎಣ್ಣಿ ಕಾಸಿ ಬಿಡು, ದೊಡ್ಡಾಕಿ ಆದಮ್ಯಾಲ ತಾನಾ ನಿಲ್ಲತೈತಿ ಅಂತ ನೀನಾ ಹೇಳಿದ್ದಿ."

ಹೇಳಿದ್ದೆ. ನಾನೇನು ಡಾಕ್ಟರೇ? ಹೈಸ್ಕೂಲ್ ಮಾಸ್ತರ. ಆದರೆ ನಮ್ಮ ಮನೆತನದಲ್ಲಿ ಓದಿದವನು ನಾನೊಬ್ಬನೇ. ನಂಬಿದರು. ಇಷ್ಟು ವರ್ಷ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟರು.

"ವಾಸನಿ ಬರ್ತೈತಿ ಅಂತ ಸಾಲ್ಯಾಗ ಯಾರೂ ಹತ್ರ ಕುಂದ್ರಾಂಗಿಲ್ಲಂತ. ಕಡೀ ಬೆಂಚಿನ್ಯಾಗ ಒಬ್ಬಾಕಿನಾ ಕುಂದ್ರತಾಳ," ಅಂದಳು ಮಹಾದೇವಿ.

ಕಿವಿ ಕೇಳಿಸದ ಹುಡುಗಿಗೆ ಕಡೆಯ ಬೆಂಚು! ಅಲ್ಲಿ ಕುಳಿತು ಪಾಠ ಒಪ್ಪಿಸದಿದ್ದರೆ ದಡ್ಡಿ ಎಂಬ ಹೆಸರು ಬೇರೆ. ನನ್ನ ಕ್ಲಾಸುಗಳಲ್ಲಿ ಇಂಥವರು ಎಷ್ಟು ಜನ ಇದ್ದರೋ? ನಾನು ಯಾವತ್ತಾದರೂ ಅವರ ಕಿವಿ ನೋಡಿದ್ದೆನೇ?

ಮರುದಿನ ಮೂವರೂ ಬೈಲಹೊಂಗಲಕ್ಕೆ ಹೋದೆವು. ಕಿವಿಯ ಡಾಕ್ಟರ್ ಹೊಲಸು ತೆಗೆದು, ಬೆಳಕು ಬಿಟ್ಟು ನೋಡಿದರು. ಆಮೇಲೆ ಕೇಳುವ ಪರೀಕ್ಷೆ ಮಾಡಿಸಿದರು. ಕೊನೆಗೆ ನನ್ನೊಬ್ಬನನ್ನೇ ಒಳಗೆ ಕರೆದರು.

"ಎಡಗಿವಿ ಪರದೆ ಹರದೈತ್ರಿ. ಕೀವು ಒಳಗಿನ ಸಣ್ಣ ಎಲವು ಸೈತ ತಿಂದ ಹಾಕೇತಿ. ಆಪರೇಶನ್ ಮಾಡಿಸಬೇಕು, ಇಲ್ಲಂದ್ರ ತಲಿಗೆ ಏರತೈತಿ. ಆದ್ರ ಹೋದ ಕಿವಿ ತಿರುಗಿ ಬರತೈತಿ ಅಂತ ಹೇಳಾಕ ಆಗೂದಿಲ್ರಿ. ಬಲಗಿವಿನೂ ಅರ್ಧಕ್ಕರ್ಧ ಹೋಗೇತಿ."

"ಮೊದಲಾ ತಂದಿದ್ರ?"

"ಹನಿ ಔಷಧದಾಗ ಮುಗೀತಿತ್ತೇನೋ," ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಹಾದೇವಿಗೆ ಹೊರಗೆ ಬಾಗಿಲ ಹತ್ತಿರವೇ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡಳು.

ವಾಪಸ್ ಬರುವಾಗ ಬಸ್ ಕಿಕ್ಕಿರಿದಿತ್ತು. ಸೌಮ್ಯಾ ನನ್ನ ಪಕ್ಕ ಕುಳಿತಿದ್ದಳು. "ಮಾಮಾ, ಡಾಕ್ಟರು ಏನಂದ್ರು?" ಮೆಲ್ಲಗೆ ಏನೋ ಹೇಳಿದೆ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು.

"ಕೇಳವಲ್ದು. ಜೋರಾಗಿ ಹೇಳು."

ಎದುರು ಸೀಟಿನವರು ಆಗಲೇ ನಮ್ಮ ಕಡೆ ತಿರುಗಿದ್ದರು. ನಾನು ಬಾಯಿ ಮುಚ್ಚಿಕೊಂಡೆ.

ನಿನ್ನ ಕಿವಿ ಹೋಯಿತು ಎಂಬ ಮಾತನ್ನು ಒಂದು ಹುಡುಗಿಗೆ ಬಸ್ಸಿನ ಜನಕ್ಕೆಲ್ಲ ಕೇಳುವಂತೆ ಕೂಗಿ ಹೇಳುವುದು ಹೇಗೆ?